ಹೊಸ ಪ್ಯಾಡ್ ಹಾಕಿಸಿದರೂ ಪಿಕಪ್ ಬ್ರೇಕ್ ಕಿರ್ರ್ ಅನ್ನುತ್ತಿದೆ, ಅನುಭವ ಇದ್ದವರು ಹೇಳಿ

ಗಂಗಾವತಿ ಅಕ್ಕಿ ಗಾಡಿ:
ಎಲ್ಲರಿಗೂ ನಮಸ್ಕಾರ. ನನ್ನದು 2019ರ ಪಿಕಪ್. ಗಂಗಾವತಿ ಮಿಲ್ಲಿನಿಂದ ಕೊಪ್ಪಳ, ಹೊಸಪೇಟೆಗೆ ಅಕ್ಕಿ ಚೀಲ ಹಾಕುತ್ತೇನೆ. ಮುಂದಿನ ಎರಡೂ ಗಾಲಿಗೆ ಪ್ಯಾಡ್ ಬದಲಿಸಿ ಹದಿನೈದು ದಿನ ಆಯ್ತು. ಮೆಲ್ಲಗೆ ಬ್ರೇಕ್ ಒತ್ತಿದರೆ ಕಿರ್ರ್ ಅಂತ ಸದ್ದು, ಎಡಗಡೆ ಜಾಸ್ತಿ. ಜೋರಾಗಿ ಒತ್ತಿದರೆ ಇಲ್ಲ. ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ. ಗ್ಯಾರೇಜಿನವರು ಗಾಲಿ ಜೊತೆ ತಿರುಗುವ, ಪ್ಯಾಡ್ ಒತ್ತಿ ಹಿಡಿಯುವ ಡಿಸ್ಕನ್ನೇ ಬದಲಿಸು ಅನ್ನುತ್ತಿದ್ದಾರೆ. ಅಷ್ಟು ಖರ್ಚು ಬೇಕಾ?

ಸಂಡೂರು ಲೋಡ್ ಗಾಡಿ:
ಅಣ್ಣಾ, ಲೋಕಲ್ ಪ್ಯಾಡ್ ಹಾಕಿಸಿರುತ್ತೀರಿ. ನನಗೆ ಆಗಿದ್ದು ಕೇಳಿ. ಒರಿಜಿನಲ್ ಸೆಟ್ 1,900 ಇತ್ತು, ನಾನು 750ರದ್ದು ಹಾಕಿಸಿದೆ. ಮೂರನೇ ದಿನಕ್ಕೆ ಸದ್ದು ಶುರು. ನಮ್ಮ ಕಡೆ ಅದಿರಿನ ಕೆಂಪು ಧೂಳು, ಅದೇ ಇರಬೇಕು ಅಂತ ಗಾಲಿ ಬಿಚ್ಚಿ ತೊಳೆಸಿದೆ, 300. ಎಂಟು ದಿನಕ್ಕೆ ಮತ್ತೆ ಬಂತು. ಪ್ಯಾಡ್ ಮುಖ ಉಜ್ಜಿಸಿದೆ, 250. ಮತ್ತೆ ಬಂತು. ಒಂದೂವರೆ ತಿಂಗಳಿಗೆ ಡಿಸ್ಕ್ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಗೀರು. ಲೇತಿನವರು ಅಳತೆ ಹಾಕಿ, ಇದನ್ನು ಕೊರೆದು ಸಮ ಮಾಡಿದರೆ ಡಿಸ್ಕಿನ ಮೇಲೆ ಬರೆದಿರುವ ಕನಿಷ್ಠ ದಪ್ಪಕ್ಕಿಂತ ಕಡಿಮೆ ಆಗುತ್ತದೆ, ಆಗಲ್ಲ ಅಂದರು. ಜೋಡಿ ಡಿಸ್ಕ್ 5,400, ಒರಿಜಿನಲ್ ಪ್ಯಾಡ್ 1,900, ಕೂಲಿ 800. ಎರಡು ದಿನ ಗಾಡಿ ನಿಂತು ಬಾಡಿಗೆ 5,000 ಹೋಯಿತು. ಎಲ್ಲಾ ಕೂಡಿ 14,400. ಉಳಿಸೋಣ ಅಂದುಕೊಂಡಿದ್ದು 1,150. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಸಿರುಗುಪ್ಪ ಗ್ಯಾರೇಜ್:
ಎಲ್ಲದಕ್ಕೂ ಲೋಕಲ್ ಪ್ಯಾಡ್ ಅಂದರೆ ಹೇಗೆ? 22 ವರ್ಷದಿಂದ ಗಾಲಿ ಬಿಚ್ಚುತ್ತಿದ್ದೇನೆ. ನಾನೇ ಎಡವಿದ ಗಾಡಿ ಒಂದಿದೆ. ಭತ್ತದ ಪಿಕಪ್, ಇದೇ ಸದ್ದು, ಒರಿಜಿನಲ್ ಪ್ಯಾಡೇ. ಎರಡು ಸಲ ಉಜ್ಜಿ ಕಳಿಸಿದೆ. ಮೂರನೇ ಸಲ ಎರಡೂ ಪ್ಯಾಡ್ ಪಕ್ಕದಲ್ಲಿಟ್ಟು ನೋಡಿದೆ. ಒಳಗಿನದು 3 ಮಿ.ಮೀ., ಹೊರಗಿನದು 7. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರಬೇಕಾದ ಪಿನ್ ಸಿಕ್ಕಿಕೊಂಡಿತ್ತು. ಹಿಂದೊಮ್ಮೆ ಅದಕ್ಕೆ ಬೇರಿಂಗಿಗೆ ಹಾಕುವ ಗ್ರೀಸನ್ನೇ ಹಚ್ಚಿದ್ದೆ. ರಬ್ಬರ್ ಉಬ್ಬಿ ಪಿನ್ನನ್ನು ಹಿಡಿದುಬಿಟ್ಟಿತ್ತು. ಅಲ್ಲಿಗೆ ಸಿಲಿಕೋನ್ ಗ್ರೀಸೇ ಬೇಕು, ಸಣ್ಣ ಟ್ಯೂಬು, 120 ರೂಪಾಯಿ. ಮೊದಲು ತಗೊಂಡಿದ್ದ 1,600 ವಾಪಸ್ ಕೊಟ್ಟೆ. ಆ ಗಿರಾಕಿ ಈಗಲೂ ನನ್ನ ಹತ್ತಿರವೇ ಬರುತ್ತಾರೆ. ಇನ್ನೊಂದು, ಪ್ಯಾಡಿನ ಬೆನ್ನಿಗೆ ತೆಳ್ಳನೆ ತಗಡು ಇರುತ್ತದಲ್ಲ, ಹೊಸ ಪ್ಯಾಡ್ ಹಾಕುವಾಗ ಎಷ್ಟೋ ಹುಡುಗರು ಅದನ್ನು ಎಸೆದುಬಿಡುತ್ತಾರೆ. ಪ್ಯಾಡ್ ಅದುರಿ ಸದ್ದು ಮಾಡದಿರಲಿ ಅಂತಲೇ ಅದು ಇರುವುದು.

ಸಂಡೂರು ಲೋಡ್ ಗಾಡಿ:
ಆ 750ರ ಸೆಟ್ ನನಗೆ ಹಾಕಿದ್ದು ಗ್ಯಾರೇಜಿನವರೇ. "ಏನೂ ಆಗಲ್ಲ, ನಾನಿದ್ದೇನೆ" ಅಂದಿದ್ದರು. ಡಿಸ್ಕ್ ಹೋದ ಮೇಲೆ ಫೋನ್ ಎತ್ತಲಿಲ್ಲ.

ಸಿರುಗುಪ್ಪ ಗ್ಯಾರೇಜ್:
ಹಾಕಿದವರನ್ನು ಕೇಳಿ, ನನ್ನನ್ನಲ್ಲ. ಅಗ್ಗದ್ದು ಹಾಕು ಅನ್ನುವವರೂ ನೀವೇ, ಆಮೇಲೆ ಬೈಯುವವರೂ ನೀವೇ.

ರಾಯಚೂರು ನೀರಿನ ಕ್ಯಾನ್:
ಜಗಳ ಆಮೇಲೆ ಆಡಿ ಅಣ್ಣಾ. ಗಾಡಿ ನನ್ನದೇ, ಓಡಿಸುವವಳೂ ನಾನೇ. ನನ್ನ ಗಾಡಿಗೂ ಇದೇ ಸದ್ದು ಬಂದಿತ್ತು, ಹೆಂಗಸು ಅಂತ ಮೂರು ಗ್ಯಾರೇಜಿನಲ್ಲಿ ಮೂರು ಕಥೆ ಹೇಳಿದರು. ಮುಂದಿನ ಪ್ಯಾಡ್ 2,100. ಡಿಸ್ಕ್ ಕೊರೆಸಿದ್ದು 1,200. ಬ್ರೇಕ್ ಆಯಿಲ್ ಬದಲಿಸಿದರೆ ಹೋಗುತ್ತದೆ ಅಂತ 650. ಆಯಿಲಿಗೂ ಕಿರ್ರ್ ಸದ್ದಿಗೂ ಏನು ಸಂಬಂಧ ಹೇಳಿ? ಕೊನೆಗೆ ಖಾಲಿ ಮೈದಾನದಲ್ಲಿ ಹತ್ತರ ವೇಗದಲ್ಲಿ ಹೋಗುತ್ತಾ ಹ್ಯಾಂಡ್‌ಬ್ರೇಕ್ ಮೆಲ್ಲಗೆ ಎಳೆದೆ. ಅದೇ ಸದ್ದು! ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಯ ಡ್ರಮ್ ಅಲ್ವಾ. ಬಿಚ್ಚಿಸಿದರೆ ಎರೆ ಮಣ್ಣಿನ ಧೂಳು, ಡ್ರಮ್ಮಿಗೆ ಒಳಗಿಂದ ಒತ್ತುವ ಲೈನರಿನ ಪುಡಿ ಕೂಡಿ ಒಂದು ಹಿಡಿ ಕಪ್ಪು ಹಿಟ್ಟು. ಲೈನರ್ ಮುಖ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಸ್ವಚ್ಛ ಮಾಡಿ, ಉಜ್ಜಿ ಹಾಕಲು ಬರೀ 400. ಅಲ್ಲಿದ್ದ ಹುಡುಗ ಗಾಳಿ ಹೊಡೆದು ಆ ಪುಡಿ ಊದಲು ಹೊರಟಿದ್ದ, ನಿಲ್ಲಿಸಿದೆ. ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಶ್ವಾಸಕೋಶಕ್ಕೆ ವಿಷ. ನೀರು ಹಾಕಿ ಒರೆಸಿ ಅಂದೆ.

ಕುಷ್ಟಗಿ ದಾಳಿಂಬೆ:
ಯಾರೂ ಲೋಡ್ ಬಗ್ಗೆ ಮಾತಾಡುತ್ತಿಲ್ಲ. ಒಂದೂವರೆ ಟನ್ನಿನ ಗಾಡಿಗೆ ಎರಡೂವರೆ ತುಂಬಿ, ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕಿ, ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟರೆ ಪ್ಯಾಡ್ ಸುಟ್ಟು ಗಾಜಿನ ಹಾಗೆ ಆಗುತ್ತದೆ. ನಾನು ಅಳತೆ ಮೀರಿ ತುಂಬುವುದಿಲ್ಲ, ಗೇರಿನಲ್ಲೇ ಇಳಿಯುತ್ತೇನೆ. ಒಂದೇ ಸೆಟ್ ಪ್ಯಾಡ್ 48,000 ಕಿ.ಮೀ. ಬಂತು. ಒಂದು ದಿನವೂ ಸದ್ದಿಲ್ಲ.

ಸಂಡೂರು ಲೋಡ್ ಗಾಡಿ:
ಕುಷ್ಟಗಿ ಬಯಲಲ್ಲಿ ಓಡಿಸುವವರು ನಮ್ಮ ಘಾಟಿಗೆ ಪಾಠ ಹೇಳಬೇಡಿ. ಡೀಸೆಲ್ ದುಡ್ಡು ಕೈಯಿಂದ ಹಾಕಿದರೆ ಗೊತ್ತಾಗುತ್ತದೆ.

ಸಿರುಗುಪ್ಪ ಗ್ಯಾರೇಜ್:
ಈಗಿನ ಇಂಜಿನ್ನಿನಲ್ಲಿ ಗೇರಿನಲ್ಲಿದ್ದು ಎಕ್ಸಲೇಟರ್ ಬಿಟ್ಟರೆ ಡೀಸೆಲ್ ಕಟ್ ಆಗುತ್ತದೆ. ನ್ಯೂಟ್ರಲಿನಲ್ಲೇ ಕುಡಿಯುವುದು. ಇದನ್ನು ಹೇಳಿ ಹೇಳಿ ಬಾಯಿ ನೋಯುತ್ತಿದೆ.

ಸಂಡೂರು ಲೋಡ್ ಗಾಡಿ:
ನನ್ನದು 2008ರ ಗಾಡಿ. ಹೊಸ ಇಂಜಿನ್ ಲೆಕ್ಕ ನನಗೆ ಬೇಡ.

ಕುಷ್ಟಗಿ ದಾಳಿಂಬೆ:
ಹಳೇ ಗಾಡಿ ಆದರೆ ಇನ್ನೂ ಹುಷಾರಾಗಿರಬೇಕು. ನಮ್ಮೂರಿನವರ ಗಾಡಿ ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿಯದೆ ಹೊಲಕ್ಕೆ ನುಗ್ಗಿತು. ಜೀವ ಉಳಿದಿದ್ದೇ ದೊಡ್ಡದು. ಬೇಜಾರಾದರೂ ಪರವಾಗಿಲ್ಲ, ನ್ಯೂಟ್ರಲ್ ಬಿಡಿ ತಮ್ಮಾ.

ಗಂಗಾವತಿ ಅಕ್ಕಿ ಗಾಡಿ:
ಇವತ್ತು ಎದುರಿಗೇ ನಿಂತು ಎಡಗಾಲಿ ಬಿಚ್ಚಿಸಿದೆ. ಪಿನ್ ಸಲೀಸಾಗಿ ಜಾರುತ್ತಿದೆ. ಬೆನ್ನಿನ ತಗಡು ಮಾತ್ರ ಎರಡೂ ಪ್ಯಾಡಿಗೆ ಇರಲಿಲ್ಲ. ಹಳೇ ಪ್ಯಾಡಿನ ಡಬ್ಬಿ ಸೀಟಿನ ಹಿಂದೆ ಇತ್ತು, ತಗಡು ಅದರಲ್ಲೇ ಸಿಕ್ಕಿತು. ತೊಳೆದು ಹಾಕಿದರು, 200 ಕೊಟ್ಟೆ. ಡಿಸ್ಕ್ ಖರ್ಚು ತಪ್ಪಿತು. ಸಿರುಗುಪ್ಪ ಅಣ್ಣನವರಿಗೆ ಕೈ ಮುಗಿಯುತ್ತೇನೆ. ಕೊಪ್ಪಳಕ್ಕೆ ಹೋಗಿ ಬಂದೆ, ಸದ್ದಿಲ್ಲ. ಬೆಳಿಗ್ಗೆ ಮೊದಲ ಎರಡು ಬ್ರೇಕಿಗೆ ಮಾತ್ರ ಸ್ವಲ್ಪ ಬರುತ್ತದೆ.

ರಾಯಚೂರು ನೀರಿನ ಕ್ಯಾನ್:
ಅದು ರಾತ್ರಿ ತೇವಕ್ಕೆ ಡಿಸ್ಕ್ ಮೇಲೆ ಕೂತ ತುಕ್ಕಿನ ಪೊರೆ. ತಾನೇ ಉಜ್ಜಿ ಹೋಗುತ್ತದೆ. ಅದಕ್ಕೆ ಮತ್ತೆ ದುಡ್ಡು ಕೊಡಬೇಡಿ.

ಸಂಡೂರು ಲೋಡ್ ಗಾಡಿ:
ಸರಿ ಅಣ್ಣಾ, ಒಳ್ಳೇದಾಯ್ತು. ಆದರೆ ಪ್ಯಾಡ್ ಒರಿಜಿನಲ್ಲೋ ಲೋಕಲ್ಲೋ, ಅದನ್ನು ನೀವು ಹೇಳಲೇ ಇಲ್ಲ.