ಮಾವ, ಮಕ್ಕಳ ಜೊತೆ ಫುಕೆಟ್‌ಗೆ: ಏನೇನು ನೋಡಿಕೊಳ್ಳಬೇಕು?

ಪ್ರಶ್ನೆ (ಡೊಂಬಿವಲಿ): ನಮಸ್ಕಾರ ಸರ್. ಜೂನ್ ಮೊದಲ ವಾರ, ಮಕ್ಕಳ ಶಾಲೆ ಶುರುವಾಗುವ ಮೊದಲು, ಥಾಯ್ಲೆಂಡಿನ ಫುಕೆಟ್ ಮತ್ತು ಬ್ಯಾಂಕಾಕ್‌ಗೆ ಹೋಗುತ್ತಿದ್ದೇವೆ. ಇಬ್ಬರು ಮಕ್ಕಳು, ಜೊತೆಗೆ ಮಾವ. ಅವರಿಗೆ ಶುಗರ್ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಸೊಸೈಟಿಯಲ್ಲಿ ಎಲ್ಲರೂ ಜೇಬುಗಳ್ಳರದ್ದೇ ಹೇಳಿ ಹೆದರಿಸುತ್ತಿದ್ದಾರೆ. ನಮ್ಮವರು ಮಾತ್ರ ಅಲ್ಲಿ ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡು ಸುತ್ತೋಣ ಅಂತಾರೆ. ನೀವು ಟೂರ್ ಮ್ಯಾನೇಜರ್ ಅಲ್ವಾ, ಸ್ವಲ್ಪ ಹೇಳಿ.

ಉತ್ತರ: ಮುಂಬೈಯ ದಾದರ್‌ನಲ್ಲಿ ಲೋಕಲ್ ರೈಲು ಹತ್ತಿ ಇಳಿಯುವವರಿಗೆ ಜೇಬುಗಳ್ಳರ ಪಾಠ ಬೇಕಿಲ್ಲ ಮೇಡಂ, ಇಲ್ಲಿ ಬ್ಯಾಗ್ ಎದೆಗೆ ಹಾಕಿಕೊಳ್ಳುವ ಹಾಗೆ ಅಲ್ಲೂ ಹಾಕಿಕೊಳ್ಳಿ, ಸಾಕು. ನನಗೆ ಭಯ ಇರುವುದು ಸಮುದ್ರ ಮತ್ತು ಸ್ಕೂಟರ್‌ದು.

ಫುಕೆಟ್‌ನ ಪಶ್ಚಿಮದ ಬೀಚ್‌ಗಳಲ್ಲಿ ಮೇಯಿಂದ ಅಕ್ಟೋಬರ್‌ವರೆಗೆ ಮಳೆಗಾಲದ ಸಮುದ್ರ. ಮೇಲಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ, ಕೆಳಗೆ ಒಳಕ್ಕೆ ಎಳೆಯುವ ಸೆಳೆತ ಇರುತ್ತದೆ. ಕೆಂಪು ಬಾವುಟ ಇದ್ದರೆ ಮೊಣಕಾಲುದ್ದ ನೀರಿಗೂ ಮಕ್ಕಳನ್ನು ಬಿಡಬೇಡಿ. ದುಡ್ಡು ಕೊಟ್ಟು ಬಂದಿದ್ದೇವೆ, ಒಂದು ಸಲ ಇಳಿದು ಬರೋಣ ಅನ್ನುವವರೇ ಜಾಸ್ತಿ. ಹೋಟೆಲ್‌ನ ಈಜುಕೊಳ ಇದೆಯಲ್ಲ, ಅಲ್ಲಿ ಆಡಲಿ, ಆದರೆ ಅಲ್ಲೂ ದೊಡ್ಡವರೊಬ್ಬರು ಮೊಬೈಲ್ ಬದಿಗಿಟ್ಟು ಕೂತಿರಬೇಕು. ದೋಣಿ ಹತ್ತುವಾಗ ಮಕ್ಕಳ ಅಳತೆಯ ಲೈಫ್ ಜಾಕೆಟ್ ಕೇಳಿ ಹಾಕಿಸಿ. ದೊಡ್ಡವರದ್ದು ಹಾಕಿದರೆ ಮಗು ಅದರೊಳಗಿಂದ ಜಾರಿಬಿಡುತ್ತದೆ.

ಸ್ಕೂಟರ್ ಬೇಡವೇ ಬೇಡ. ನಮ್ಮ ಲೈಸೆನ್ಸ್ ಒಂದೇ ಸಾಲದು, ಇಲ್ಲಿನ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಬೇಕು, ಅದರಲ್ಲಿ ದ್ವಿಚಕ್ರ ವಾಹನವೂ ಇರಬೇಕು. ಅದಿಲ್ಲದೆ ಬಿದ್ದರೆ ವಿಮೆಯವರು ಕ್ಲೇಮ್ ತಳ್ಳಿಹಾಕಬಹುದು, ಆಸ್ಪತ್ರೆ ಬಿಲ್ ನಿಮ್ಮ ತಲೆ ಮೇಲೆ. ಸ್ಕೂಟರ್ ಇರಲಿ, ನೀರಿನ ಮೇಲೆ ಓಡಿಸುವ ಜೆಟ್ ಸ್ಕೀ ಇರಲಿ, ಒತ್ತೆಯಾಗಿ ಪಾಸ್‌ಪೋರ್ಟ್ ಕೊಡಬೇಡಿ. ಹಳೇ ಗೀರು ತೋರಿಸಿ ದುಡ್ಡು ಕೀಳುವ ಆಟ ಅಲ್ಲಿ ಮಾಮೂಲಿ. ಅಂಥದ್ದೇನಾದರೂ ಆದರೆ ಟೂರಿಸ್ಟ್ ಪೊಲೀಸ್ 1155, ಇಂಗ್ಲಿಷ್‌ನಲ್ಲಿ ಮಾತಾಡುತ್ತಾರೆ. ಆಂಬುಲೆನ್ಸ್ 1669.

ಮಾವನವರ ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ. ಸರಕಿನ ಭಾಗದಲ್ಲಿ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬರುವುದಿಲ್ಲ, ಬ್ಯಾಗ್ ಕಳೆದರಂತೂ ಮುಗಿಯಿತು. ಡಾಕ್ಟರ ಚೀಟಿಯಲ್ಲಿ ಕಂಪನಿ ಹೆಸರಿನ ಜೊತೆ ಔಷಧದ ಮೂಲ ಹೆಸರೂ ಇರಲಿ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ ಅಷ್ಟೇ, ಆದರೂ ಡೋಸ್ ಹೊತ್ತು ಒಮ್ಮೆ ಡಾಕ್ಟರನ್ನು ಕೇಳಿಕೊಳ್ಳಿ. ವಿಮೆ ಫಾರ್ಮಿನಲ್ಲಿ ಶುಗರ್ ಅಂತ ಬರೆಯಲೇಬೇಕು. ಪ್ರೀಮಿಯಂ ಉಳಿಸೋಕೆ ಮುಚ್ಚಿಡುವವರನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ.

ಪ್ರಶ್ನೆ (ಡೊಂಬಿವಲಿ): ಪಾಸ್‌ಪೋರ್ಟ್ ಕಳೆದೇ ಹೋದರೆ?

ಉತ್ತರ: ಮೊದಲು ಪೊಲೀಸ್ ದೂರು, ಆಮೇಲೆ ಬ್ಯಾಂಕಾಕ್‌ನ ಭಾರತೀಯ ರಾಯಭಾರ ಕಚೇರಿ. ಊರಿಗೆ ವಾಪಸ್ ಬರಲು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಪಾಸ್‌ಪೋರ್ಟ್ ಜೆರಾಕ್ಸ್, ಒಂದೆರಡು ಫೋಟೊ ಬೇರೆ ಬ್ಯಾಗಿನಲ್ಲಿರಲಿ.

ಪ್ರಶ್ನೆ (ಪುಣೆ): ನಡುವೆ ಬಂದದ್ದಕ್ಕೆ ಕ್ಷಮಿಸಿ. ದೀಪಾವಳಿಗೆ ದುಬೈಗೆ, ಮಗಳ ಮನೆಗೆ. ಅನಾರಸೆ ಸಿಹಿತಿಂಡಿ, ಸಾಗು ಮಸಾಲೆ, ಮಂಡಿನೋವಿನ ಮಾತ್ರೆ ಒಯ್ಯಬಹುದಾ?

ಉತ್ತರ: ಒಳ್ಳೇದಾಯ್ತು ಕೇಳಿದ್ದು ಅಕ್ಕ. ಅನಾರಸೆ ಮೇಲೆ ಗಸಗಸೆ ಹಚ್ಚುತ್ತೀರಲ್ಲ, ಅದು ದುಬೈ ಇರುವ ಯುಎಇ ದೇಶದಲ್ಲಿ ನಿಷೇಧ, ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ. ಸಿಂಗಾಪುರದಲ್ಲೂ ಬಿಡುವುದಿಲ್ಲ. ಸಾಗು ಮಸಾಲೆಗೂ ಗಸಗಸೆ ಹಾಕಿದ್ದರೆ ಮನೆಯಲ್ಲೇ ಬಿಡಿ. ಮಾತ್ರೆಯಲ್ಲಿ ಟ್ರಮಡಾಲ್ ಅಥವಾ ಕೊಡೀನ್ ಅನ್ನುವ ಬಲವಾದ ನೋವಿನ ಔಷಧ ಇದೆಯಾ ನೋಡಿ. ಇದ್ದರೆ ಅಲ್ಲಿನ ಸರ್ಕಾರದ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಬೇಕು. ಇಲ್ಲಾಂದ್ರೆ ಡಾಕ್ಟರಿಗೆ ಹೇಳಿ ಬೇರೆ ಬರೆಸಿಕೊಳ್ಳಿ.

ಪ್ರಶ್ನೆ (ಪುಣೆ): ಅಯ್ಯೋ! ಎಳ್ಳು ಹಚ್ಚಿದರೆ?

ಉತ್ತರ: ಎಳ್ಳಿಗೆ ತೊಂದರೆ ಇಲ್ಲ.