ಅಕ್ಕನ ಗೃಹಪ್ರವೇಶ – ಅಕ್ಕನನ್ನು ಸೇರಿಸಬೇಡಿ

(ಮೇಲಿನದು ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಹೆಸರು. ಗೃಹಪ್ರವೇಶ ಮುಗಿಯಿತು, ಉಡುಗೊರೆ ಕೊಟ್ಟಾಯಿತು, ಇನ್ನು ಗುಟ್ಟೇನಿಲ್ಲ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆಯೇ ಇವೆ. ಗುಡ್ ಮಾರ್ನಿಂಗ್ ಹೂಗಳನ್ನು ಮಾತ್ರ ತೆಗೆದಿದ್ದೇನೆ.)

ಶುಕ್ರವಾರ

ವಿನುತಾ: [ಫೋಟೊ]
ಬೆಂಗಳೂರಿನಲ್ಲಿ ಒಂದು ಗ್ರೂಪ್ ಶೋ ನೋಡಿಕೊಂಡು ಬಂದೆ. ಒಂಬತ್ತು ಜನರ ಕೆಲಸ. ಪೇಂಟಿಂಗ್ ಇದೆ, ಎಚಿಂಗ್ ಇದೆ, ವುಡ್‌ಕಟ್ ಇದೆ. ಈ ಫೋಟೊದಲ್ಲಿರುವುದು ನೋಡಿ, ನಮ್ಮ ದೇವರಾಜ ಮಾರ್ಕೆಟ್ಟಿನ ವೀಳ್ಯದೆಲೆ ಸಾಲು. ಅಕ್ಕ ಚಿಕ್ಕವಳಿದ್ದಾಗ ದಿನಾ ಶಾಲೆ ಬಿಟ್ಟ ಮೇಲೆ ಅಲ್ಲೇ ಕೂತಿರುತ್ತಿದ್ದಳಲ್ಲ. 22,000 ರೂಪಾಯಿ. ಎಲ್ಲರೂ ಸೇರಿ ಇದನ್ನೇ ಕೊಡೋಣವಾ?

ರಾಜಿ ಅತ್ತೆ: ನಾನು ಬೆಳ್ಳಿ ದೀಪ ಅಂತ ಮೊನ್ನೆಯೇ ಹೇಳಿದ್ದೆ.

ಚಿಕ್ಕಪ್ಪ ಪುಣೆ: ರಾಜಿ, ಬೆಳ್ಳಿ ರೇಟು ನೋಡಿದ್ದೀಯಾ ಈಗ? ಬತ್ತಿಯಷ್ಟು ಬೆಳ್ಳಿ ಬರುತ್ತದೆ.

ದೊಡ್ಡಪ್ಪ: ಫೋಟೊದ ಕೆಳಗೆ ಪೆನ್ಸಿಲಿನಲ್ಲಿ 7/25 ಅಂತ ಕಾಣುತ್ತಿದೆ. ಏನದು?

ವಿನುತಾ: 25 ಅಚ್ಚು ತೆಗೆದಿದ್ದಾರೆ ದೊಡ್ಡಪ್ಪ, ಇದು ಏಳನೆಯದು. ಇದು ಪ್ರಿಂಟ್.

ದೊಡ್ಡಪ್ಪ: ಅಂದರೆ ಒರಿಜಿನಲ್ ಅಲ್ಲ.

ವಿನುತಾ: ಒರಿಜಿನಲ್ಲೇ.

ದೊಡ್ಡಪ್ಪ: 25 ಇದ್ದ ಮೇಲೆ ಒರಿಜಿನಲ್ ಹೇಗಾಗುತ್ತದೆ ಮಗು? ಒರಿಜಿನಲ್ ಅಂದರೆ ಒಂದು. ಉಳಿದದ್ದು ಕಾಪಿ. ಕಾಪಿಗೆ 22,000 ಕೊಡುವುದಾದರೆ ನಾನು ನಮ್ಮ ಸೊಸೈಟಿ ಬ್ಯಾಂಕಿನ ಕ್ಯಾಲೆಂಡರ್ ಕೊಡುತ್ತೇನೆ. ಅದರಲ್ಲಿ ತಿಥಿ ನಕ್ಷತ್ರವೂ ಇರುತ್ತದೆ.

ಚಿಕ್ಕಪ್ಪ ಪುಣೆ: 😄😄

ಅಣ್ಣ: ದೊಡ್ಡಪ್ಪ ಹೇಳಿದ್ದು ಸರಿ. ಅದೇ ದುಡ್ಡಿಗೆ ಚಿತ್ರಸಂತೆಯಲ್ಲಿ ಒಳ್ಳೇ ಪೇಂಟಿಂಗೇ ಸಿಗುತ್ತದೆ. ಜನವರಿಯಲ್ಲಿ ಕುಮಾರಕೃಪಾ ರಸ್ತೆ ಪೂರ್ತಿ ಇಟ್ಟುಕೊಂಡು ಕೂತಿರುತ್ತಾರಲ್ಲ.

ನಾನು: ಗೃಹಪ್ರವೇಶ ಮುಂದಿನ ತಿಂಗಳು. ಜನವರಿಗೆ ಎಷ್ಟು ತಿಂಗಳಿದೆ ಅಂತ ಲೆಕ್ಕ ಹಾಕು.

ಅಣ್ಣ: ಸುಮ್ನೆ ಹೇಳಿದೆ ಮಾರಾಯ್ತಿ.

ವಿನುತಾ: ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇದು ಎಚಿಂಗ್. ಒಂದು ತಾಮ್ರದ ಅಥವಾ ಸತುವಿನ ತಗಡು ತಗೊಂಡು ಅದಕ್ಕೆ ಮೇಣದಂಥದ್ದು ಬಳಿಯುತ್ತಾರೆ. ಆಮೇಲೆ ಸೂಜಿಯಲ್ಲಿ ಗೀರುತ್ತಾ ಚಿತ್ರ ಬರೆಯುತ್ತಾರೆ. ಗೀರಿದ ಕಡೆ ಮೇಣ ಹೋಗಿ ಲೋಹ ಕಾಣುತ್ತದೆ. ಆಸಿಡ್ಡಿನಲ್ಲಿ ಮುಳುಗಿಸಿದರೆ ಅಷ್ಟು ಜಾಗ ಮಾತ್ರ ಕೊರೆಯುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಗೆರೆ ಆಳವಾಗಿ ಕಪ್ಪಾಗುತ್ತದೆ, ಬೇಗ ತೆಗೆದರೆ ತೆಳುವಾಗುತ್ತದೆ, ಒಂದು ನಿಮಿಷ ಹೆಚ್ಚುಕಮ್ಮಿ ಆದರೂ ವಾರದ ಕೆಲಸ ಹಾಳು. ಆಮೇಲೆ ಇಂಕ್ ತುಂಬಿ, ಮಸ್ಲಿನ್ ಬಟ್ಟೆಯಲ್ಲಿ ಮೇಲಿನದನ್ನು ಒರೆಸಿ, ನೆನೆಸಿದ ದಪ್ಪ ಕಾಗದ ಇಟ್ಟು ರೋಲರ್ ಪ್ರೆಸ್ಸಿನಲ್ಲಿ ಎಳೆಯಬೇಕು. ಒಂದೊಂದು ಅಚ್ಚಿಗೂ ಹೊಸದಾಗಿ ಇಂಕ್ ತುಂಬಬೇಕು, ಹೊಸದಾಗಿ ಒರೆಸಬೇಕು. ಮೈಸೂರಿನ ಕಲಾಶಾಲೆ ಕಾವಾದಲ್ಲಿ ಗ್ರಾಫಿಕ್ಸ್, ಅಂದರೆ ಅಚ್ಚಿನ ಚಿತ್ರಕಲೆ, ಓದುವಾಗ ನಾನು ಇಡೀ ದಿನ ನಿಂತು ಮೂರು ತೆಗೆದಿದ್ದೇನೆ, ಅದರಲ್ಲಿ ಎರಡನ್ನು ಮೇಷ್ಟ್ರು ಹರಿದು ಹಾಕಿದರು. ಈಗ ಹೇಳಿ ದೊಡ್ಡಪ್ಪ, ಇದರಲ್ಲಿ ಯಾವುದು ಒರಿಜಿನಲ್, ಯಾವುದು ಕಾಪಿ? ತಗಡು ಒರಿಜಿನಲ್ಲಾ? ಅದನ್ನು ಗೋಡೆಗೆ ಹಾಕಿದರೆ ಚಿತ್ರವೇ ಕಾಣುವುದಿಲ್ಲ, ಎಡ ಬಲ ಬೇರೆ ಉಲ್ಟಾ.

ಚಿಕ್ಕಪ್ಪ ಪುಣೆ: ಅಂದ ಹಾಗೆ, ಉಲ್ಟಾ ಅಂದಿದ್ದಕ್ಕೆ ನೆನಪಾಯಿತು. ಫೋಟೊ ದೊಡ್ಡದು ಮಾಡಿ ನೋಡಿದೆ. ಅಂಗಡಿ ಬೋರ್ಡಿನ ಕನ್ನಡ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಇದೆ! ಪ್ರಿಂಟ್ ತಪ್ಪಾಗಿದೆ. ಡಿಸ್ಕೌಂಟ್ ಕೇಳು.

ವಿನುತಾ: ಅಯ್ಯೋ ಚಿಕ್ಕಪ್ಪ 😄 ತಗಡಿನಲ್ಲಿ ನೇರ ಬರೆದರೆ ಕಾಗದದಲ್ಲಿ ಉಲ್ಟಾ ಬರುತ್ತದೆ. ಅಕ್ಷರ ಸರಿ ಬರಬೇಕಾದರೆ ತಗಡಿನಲ್ಲಿ ತಿರುಗಿಸಿ ಬರೆಯಬೇಕು. ಇವರು ಬೇಕಂತಲೇ ಹಾಗೇ ಬಿಟ್ಟಿದ್ದಾರೆ. ಕೇಳಿದೆ ನಾನು.

ಚಿಕ್ಕಪ್ಪ ಪುಣೆ: ಬೇಕಂತ ಬಿಟ್ಟರೋ, ಮರೆತು ಆಮೇಲೆ ಬೇಕಂತ ಅಂದರೋ.

ವಿನುತಾ: ಅದು ನಂಗೂ ಗೊತ್ತಿಲ್ಲ.

ಶನಿವಾರ

ರಾಜಿ ಅತ್ತೆ: ರಾತ್ರಿಯೆಲ್ಲ ಯೋಚನೆ ಮಾಡಿದೆ. ವಿನು ಹೇಳಿದ್ದು ಸರಿ. ಪ್ರಿಂಟ್ ಅಂದರೆ ಕಮ್ಮಿ ಅಲ್ಲ. ನಮ್ಮ ಹಾಲಿನಲ್ಲಿ ಸೋಫಾ ಮೇಲೆ ಇರುವುದೂ ಪ್ರಿಂಟೇ. ಎರಡು ವರ್ಷದ ಹಿಂದೆ ಒಂದು ಗ್ಯಾಲರಿಯಲ್ಲಿ 16,000 ಕೊಟ್ಟು ತಗೊಂಡದ್ದು. 41/500 ಅಂತ ನಂಬರ್ ಇದೆ, ಸಹಿ ಇದೆ, ಸರ್ಟಿಫಿಕೇಟ್ ಇದೆ. ಮುಂದೆ ರೇಟು ಏರುತ್ತದೆ ಅಂತ ಗ್ಯಾಲರಿಯವರೇ ಹೇಳಿದರು. ಅಂಥದ್ದೇ ಆ ಶೋದಲ್ಲೂ ಇದೆಯಾ ನೋಡು.

ವಿನುತಾ: ಇದೆ ಅತ್ತೆ. ಒಬ್ಬರ ದೊಡ್ಡ ಕ್ಯಾನ್ವಾಸ್ 85,000. ಅದರದ್ದೇ ಪ್ರಿಂಟ್ ಪಕ್ಕದಲ್ಲೇ 14,000. ಆದರೆ ಅದು ಬೇರೆ ತರಹದ್ದು.

ರಾಜಿ ಅತ್ತೆ: ಬೇರೆ ಅಂದರೆ? ಅದಕ್ಕೂ ನಂಬರ್ ಇಲ್ಲವಾ?

ವಿನುತಾ: ಇದೆ...

ದೊಡ್ಡಪ್ಪ: ಏನು ಬೇರೆ, ಬಿಡಿಸಿ ಹೇಳು.

ವಿನುತಾ: ಅದು ಪೇಂಟಿಂಗಿನ ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಬಣ್ಣ ಸರಿ ಮಾಡಿ, ಒಳ್ಳೇ ಕಾಗದಕ್ಕೆ ಇಂಕ್‌ಜೆಟ್ಟಿನಲ್ಲಿ ತೆಗೆದದ್ದು. ಜಿಕ್ಲೇ ಅಂತ ಫ್ಯಾನ್ಸಿ ಹೆಸರು. ಅಲ್ಲಿ ಒರಿಜಿನಲ್ ಬೇರೆ ಕಡೆ ಇದೆ, ಗೋಡೆಯಲ್ಲಿರುವುದು ಅದರ ಫೋಟೊ. ಎಚಿಂಗಿನಲ್ಲಿ ಹಾಗೆ ಬೇರೆ ಕಡೆ ಯಾವುದೂ ಇಲ್ಲ. ಆ ಚಿತ್ರ ಹುಟ್ಟುವುದೇ ಕಾಗದದ ಮೇಲೆ. ತೊಂದರೆ ಏನೆಂದರೆ ಎರಡಕ್ಕೂ ಲಿಮಿಟೆಡ್ ಎಡಿಷನ್ ಪ್ರಿಂಟ್ ಅಂತ ಒಂದೇ ಚೀಟಿ ಅಂಟಿಸುತ್ತಾರೆ. ಜಪಾನಿನ ಹೊಕುಸಾಯಿಯ ದೊಡ್ಡ ಅಲೆ ನೀವೆಲ್ಲ ನೋಡಿರುತ್ತೀರಿ, ಟೀ ಶರ್ಟ್ ಮೇಲೂ ಬರುತ್ತದೆ. ಅದು 1831ರ ಹೊತ್ತಿನ ಮರದಚ್ಚಿನ ಚಿತ್ರ. ಸಾವಿರಗಟ್ಟಲೆ ತೆಗೆದಿದ್ದರು, ನೂಡಲ್ಸ್ ತಿನ್ನುವ ದುಡ್ಡಿಗೆ ಸಿಗುತ್ತಿತ್ತಂತೆ. ಇದರ ಒರಿಜಿನಲ್ ಪೇಂಟಿಂಗ್ ಅಂತ ಯಾವುದೂ ಇಲ್ಲ. ಆ ಕಾಲದ ಅಚ್ಚೊಂದು 2023ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ 27 ಲಕ್ಷ ಡಾಲರಿಗೂ ಜಾಸ್ತಿಗೆ ಹೋಯಿತು. ಟೀ ಶರ್ಟ್ ಮೇಲಿನದು ಹೋಗುವುದಿಲ್ಲ ಅಲ್ವಾ?

ರಾಜಿ ಅತ್ತೆ: ಅಂದರೆ ನಮ್ಮ ಮನೆಯಲ್ಲಿರುವುದು ಟೀ ಶರ್ಟ್ ಅನ್ನುತ್ತಿದ್ದೀಯಾ?

ವಿನುತಾ: ನಾನು ಹಾಗೆ ಹೇಳಲಿಲ್ಲ ಅತ್ತೆ.

ರಾಜಿ ಅತ್ತೆ: ಕೈಯಲ್ಲಿ ಹಾಕಿದ ಸಹಿ ಇದೆ ಅದರಲ್ಲಿ.

ದೊಡ್ಡಪ್ಪ: ರಾಜಿ, ಸಹಿಯ ಮಾತು ನನ್ನ ಹತ್ತಿರ ಬೇಡ. ಡಾಲಿ ಅಂತ ಸ್ಪೇನಿನ ಚಿತ್ರಕಾರ, ಮೀಸೆಯವನು ಒಬ್ಬ ಇದ್ದನಲ್ಲ, 1974ರಲ್ಲಿ ಫ್ರಾನ್ಸಿನ ಕಸ್ಟಮ್ಸ್‌ನವರು ಪಕ್ಕದ ಪುಟ್ಟ ದೇಶ ಆಂಡೋರಾಗೆ ಹೋಗುತ್ತಿದ್ದ ಒಂದು ಲಾರಿ ನಿಲ್ಲಿಸಿದರು. ಒಳಗೆ 40,000 ಖಾಲಿ ಹಾಳೆ, ಕೆಳಗೆ ಅವನ ಸಹಿ. ಮೊದಲು ಸಹಿ, ಆಮೇಲೆ ಚಿತ್ರ! ನಾನು ಕಸ್ಟಮ್ಸ್ ಡ್ಯೂಟಿಗೆ ಸೇರಿದ ಹೊಸದರಲ್ಲಿ ನಮ್ಮ ಸೀನಿಯರ್ ಒಬ್ಬರು ಇದನ್ನು ಕಥೆ ಹೇಳಿದ ಹಾಗೆ ಹೇಳುತ್ತಿದ್ದರು. ಕಸ್ಟಮ್ಸ್‌ನವರಿಗೆ ಕಲೆ ಗೊತ್ತಿಲ್ಲ ಅಂದುಕೊಳ್ಳಬೇಡಿ.

ಅಣ್ಣ: ನಿನ್ನೆ ಕ್ಯಾಲೆಂಡರ್ ಅಂದವರು ಯಾರು 😄

ದೊಡ್ಡಪ್ಪ: ತಡಿ. ಅದಕ್ಕೇ ಬರುತ್ತಿದ್ದೇನೆ. ರಾತ್ರಿ ನಿದ್ದೆ ಬರಲಿಲ್ಲ, ಹಳೇ ಟ್ಯಾರಿಫ್ ಪುಸ್ತಕ ತೆಗೆದೆ, ಸುಂಕಕ್ಕೆ ಯಾವ ವಸ್ತು ಯಾವ ನಂಬರ್ ಅಂತ ಇರುವುದು. ಅಧ್ಯಾಯ 97, ಕಲಾವಸ್ತುಗಳು. 9701 ಕೈಯಿಂದ ಮಾಡಿದ ಪೇಂಟಿಂಗ್, ಡ್ರಾಯಿಂಗ್. 9702 ಏನು ಗೊತ್ತಾ? ಒರಿಜಿನಲ್ ಎಂಗ್ರೇವಿಂಗ್, ಪ್ರಿಂಟ್, ಲಿಥೋಗ್ರಾಫ್ ಅಂದರೆ ಕಲ್ಲಚ್ಚು. ಪ್ರಿಂಟಿನ ಹಿಂದೆ ಒರಿಜಿನಲ್ ಅನ್ನುವ ಮಾತು ಕಾನೂನಿನಲ್ಲೇ ಇದೆ! ನಾನೇ ಎಷ್ಟೋ ವರ್ಷ ಓದಿದ ಪುಸ್ತಕ, ಮರೆತಿದ್ದೆ. ಒಳಗಿನ ಟಿಪ್ಪಣಿಯ ತಾತ್ಪರ್ಯ ಹೀಗೆ: ಕಲಾವಿದ ಪೂರ್ತಿ ಕೈಯಿಂದಲೇ ಮಾಡಿದ ಒಂದು ಅಥವಾ ಹಲವು ಪ್ಲೇಟಿನಿಂದ ನೇರವಾಗಿ ತೆಗೆದ ಅಚ್ಚು, ಕಪ್ಪುಬಿಳುಪಾದರೂ ಸರಿ ಬಣ್ಣದ್ದಾದರೂ ಸರಿ, ಯಾವ ವಿಧಾನ ಆದರೂ ಸರಿ, ಆದರೆ ಯಂತ್ರದಿಂದ ಅಥವಾ ಫೋಟೊ ತಂತ್ರದಿಂದ ಮಾಡಿದ್ದು ಇದರಲ್ಲಿ ಬರುವುದಿಲ್ಲ. ವಿನು ಗೆದ್ದಳು. ಒಪ್ಪಿದೆ.

ವಿನುತಾ: ದೊಡ್ಡಪ್ಪ!! 🙏

ಚಿಕ್ಕಪ್ಪ ಪುಣೆ: ಪ್ರೆಸ್ ಕೂಡ ಯಂತ್ರ ಅಲ್ವಾ ಅಣ್ಣ?

ದೊಡ್ಡಪ್ಪ: ಕೈಯಲ್ಲಿ ತಿರುಗಿಸುವ ಚಕ್ರ. ಚಿತ್ರ ಮಾಡುವುದು ಅದಲ್ಲ, ಒತ್ತುತ್ತದೆ ಅಷ್ಟೆ. ನಿನ್ನ ಹೆಂಡತಿ ಚಕ್ಕುಲಿ ಒತ್ತುತ್ತಾಳಲ್ಲ, ಹಿಟ್ಟು ಕಲಸಿದ್ದು ಒರಳೋ ಅವಳೋ?

ಚಿಕ್ಕಪ್ಪ ಪುಣೆ: ಅರ್ಥ ಆಯಿತು.

ದೊಡ್ಡಪ್ಪ: ಫೋಟೊದಿಂದ ಅಚ್ಚು ಹಾಕಿದ ಚಿತ್ರ ಹೋಗುವುದು ಅಧ್ಯಾಯ 49ಕ್ಕೆ, 4911. ಕ್ಯಾಲೆಂಡರಿಗೆ 4910 ಅಂತ ಬೇರೆಯೇ ಇದೆ. ಅಕ್ಕಪಕ್ಕದ ಮನೆ. ರಾಜಿ, ನಿನ್ನ ಹತ್ತಿರ ಬಿಲ್ ಇದೆಯಾ? ಇದೇ ನಂಬರ್ ಹಾಕುವ ಎಚ್‌ಎಸ್‌ಎನ್ ಅಂತ ಒಂದು ಕಾಲಂ ಇರುತ್ತದೆ ನೋಡು.

ರಾಜಿ ಅತ್ತೆ: ನೋಡುತ್ತೇನೆ. ಖಂಡಿತ 97 ಇರುತ್ತದೆ.

ರಾಜಿ ಅತ್ತೆ: ಈ ಮೆಸೇಜ್ ಅಳಿಸಲಾಗಿದೆ

ನಾನು: ಅತ್ತೆ?

ಅಣ್ಣ: ಅತ್ತೆ ಏನು ಹಾಕಿ ಅಳಿಸಿದರು, ನೋಡಿದ್ದೀರಾ ಯಾರಾದರೂ?

ಚಿಕ್ಕಪ್ಪ ಪುಣೆ: ನಾನು ನೋಡಿದೆ. 4911.

ನಾನು: ಚಿಕ್ಕಪ್ಪಾ!

ಭಾನುವಾರ

ವಿನುತಾ: ರಾಜಿ ಅತ್ತೆ, ನಿನ್ನೆ ಫೋನ್ ಎತ್ತಲಿಲ್ಲ ನೀವು. ಇಲ್ಲೇ ಬರೆಯುತ್ತೇನೆ. ಆ ಚಿತ್ರ ನಂಗೂ ಇಷ್ಟ. ನಿಮ್ಮ ಮನೆಗೆ ಬಂದಾಗೆಲ್ಲ ಅದರ ಕೆಳಗೇ ಕೂರುತ್ತೇನೆ. ಚೆನ್ನಾಗಿದೆ ಅಂತ ತಗೊಂಡರೆ ತಪ್ಪೇನಿಲ್ಲ. ರೇಟು ಏರುತ್ತದೆ ಅಂತ ನಂಬಿಸಿ ಮಾರಿದ್ದು ತಪ್ಪು, ಅದು ಅವರ ತಪ್ಪು. ದೊಡ್ಡಪ್ಪ, ಬಿಲ್ಲನ್ನೂ ಪೂರ್ತಿ ನಂಬಬೇಡಿ. ಒಂದೇ ಕೋಡ್ ಹಾಕಿ ಎಲ್ಲವನ್ನೂ ಮಾರುವವರೂ ಇದ್ದಾರೆ. ನೋಡಬೇಕಾದ್ದು ಕಾಗದವನ್ನು. ಎಚಿಂಗ್ ಆದರೆ ಚಿತ್ರದ ಸುತ್ತ ತಗಡಿನ ಅಂಚು ಕಾಗದದಲ್ಲಿ ಒತ್ತಿ ಗುಳಿ ಬಿದ್ದಿರುತ್ತದೆ. ಬೆರಳಿಟ್ಟರೆ ಗೊತ್ತಾಗುತ್ತದೆ, ಗ್ಯಾಲರಿಯವರು ಮಾತ್ರ ಬೆರಳು ಇಡಲು ಬಿಡುವುದಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಗೆರೆ ಗೆರೆಯಾಗಿ, ಇಂಕ್ ಸ್ವಲ್ಪ ಎದ್ದು ನಿಂತಿರುತ್ತದೆ. ಇಂಕ್‌ಜೆಟ್ಟಿನದ್ದಾದರೆ ಸಾಸಿವೆಗಿಂತ ಸಣ್ಣ ಚುಕ್ಕಿಗಳು ಚೆಲ್ಲಿದ ಹಾಗೆ ಕಾಣುತ್ತವೆ.

ದೊಡ್ಡಪ್ಪ: ನನ್ನ ಹತ್ತಿರ ಹತ್ತು ಪಟ್ಟಿನ ಲೆನ್ಸ್ ಇದೆ. ಡ್ಯೂಟಿಯಲ್ಲಿದ್ದಾಗಿನದು. ನಾನೇ ಬೆಂಗಳೂರಿಗೆ ಬರುತ್ತೇನೆ.

ಅಣ್ಣ: ಗ್ಯಾಲರಿಯವರು ರೇಡ್ ಅಂದುಕೊಳ್ಳುತ್ತಾರೆ.

ನಾನು: ಲೆಕ್ಕ ಹೇಳುತ್ತೇನೆ. 22,000. ಜಿಎಸ್‌ಟಿ ಮೊದಲು 12 ಇತ್ತು, 2025ರ ಸೆಪ್ಟೆಂಬರಿನಿಂದ 5, ಅಂದರೆ 1,100. ಫ್ರೇಮಿಗೆ 3,500. ಒಟ್ಟು 26,600. ಏಳು ಮನೆ. ತಲಾ 3,800.

ಚಿಕ್ಕಪ್ಪ ಪುಣೆ: ಫ್ರೇಮಿಗೆ 3,500ಆ? ನಮ್ಮ ಬೀದಿಯಲ್ಲಿ ದೇವರ ಪಟಕ್ಕೆ 600ಕ್ಕೆ ಕಟ್ಟು ಹಾಕುತ್ತಾರೆ.

ವಿನುತಾ: ಆ ಕಟ್ಟಿನಲ್ಲಿ ಹಿಂದೆ ಹಾಕುವ ರಟ್ಟಿನಲ್ಲಿ ಆಮ್ಲ ಇರುತ್ತದೆ ಚಿಕ್ಕಪ್ಪ. ಹತ್ತು ವರ್ಷದಲ್ಲಿ ಕಾಗದ ಹಳದಿಯಾಗುತ್ತದೆ. ಗಾಜು ನೇರ ಅಂಟಿದರೆ ಮಳೆಗಾಲದಲ್ಲಿ ಒಳಗೆ ಬೂಷ್ಟು. ಮೌಂಟ್ ಅಂತ ಸುತ್ತ ದಪ್ಪ ಅಂಚು ಇಟ್ಟು ನಡುವೆ ಜಾಗ ಬಿಡಬೇಕು. ಬಿಸಿಲು ಬೀಳುವ ಗೋಡೆಗೆ ಹಾಕಲೇಬಾರದು. ನಮ್ಮ ಲಕ್ಷ್ಮಿ ಪಟ ನೋಡಿಲ್ಲವಾ, ಕಿಟಕಿ ಕಡೆಯ ಅರ್ಧ ಹೇಗೆ ಬಿಳಿಚಿಕೊಂಡಿದೆ.

ದೊಡ್ಡಪ್ಪ: ನಾನು 3,800 ಹಾಕಿದೆ. ಗೂಗಲ್ ಪೇ ನೋಡು.

ಅಣ್ಣ: ಹಾಕಿದೆ.

ಚಿಕ್ಕಪ್ಪ ಪುಣೆ: ಸಂಜೆ ಹಾಕುತ್ತೇನೆ. ಆದರೆ ಬೋರ್ಡು ಉಲ್ಟಾ ಇರುವುದಕ್ಕೆ ಅಕ್ಕ ಕೇಳಿದರೆ ನೀವೇ ಉತ್ತರ ಹೇಳಿ.

ರಾಜಿ ಅತ್ತೆ: ನಾನೂ ಹಾಕಿದೆ.

ವಿನುತಾ: ಅತ್ತೆ ಬಂದರು ❤️

ರಾಜಿ ಅತ್ತೆ: ಬೇಜಾರೇನಿಲ್ಲ. ಚಿತ್ರ ಸೋಫಾ ಮೇಲೇ ಇರುತ್ತದೆ, ಸರ್ಟಿಫಿಕೇಟ್ ಹರಿದು ಹಾಕಿದೆ. ವಿನು, ಲಕ್ಷ್ಮಿ ಪಟ ಅಂದೆಯಲ್ಲ, ನಮ್ಮಣ್ಣನ, ಅಂದರೆ ನಿಮ್ಮ ದೊಡ್ಡಪ್ಪನ, ದೇವರಮನೆಯಲ್ಲಿ ಇರುವುದು. ಸೆರಗಿಗೆ ಅಜ್ಜಿ ಜರಿ, ಚಮಕಿ ಅಂಟಿಸಿದ್ದಾರಲ್ಲ, ಅದು. ಅದು ಯಾವ ಜಾತಿ?

ವಿನುತಾ: ಅದು ರವಿವರ್ಮ ಪ್ರೆಸ್ಸಿನದು ಅತ್ತೆ. ಕೆಳಗೆ ಅಂಚಿನಲ್ಲಿ ಕಾರ್ಲಾ ಲೋನಾವಳ ಅಂತ ಸಣ್ಣದಾಗಿ ಇದೆ. 1894ರಲ್ಲಿ ಮುಂಬೈಯಲ್ಲಿ ಶುರು ಮಾಡಿದರು, ಜರ್ಮನಿಯಿಂದ ಯಂತ್ರ ತರಿಸಿ. ಆಮೇಲೆ ಲೋನಾವಳ ಕಡೆಗೆ ಹೋಯಿತು. ಕಲ್ಲಿನ ಮೇಲೆ ಬರೆದು ಅಚ್ಚು ಹಾಕುವುದು, ಬಣ್ಣಕ್ಕೊಂದು ಕಲ್ಲು. ಕಲ್ಲಿನ ಮೇಲೆ ಬರೆದವರು ಪ್ರೆಸ್ಸಿನ ಕೆಲಸಗಾರರು, ರವಿವರ್ಮ ಅಲ್ಲ.

ದೊಡ್ಡಪ್ಪ: ಹಾಗಾದರೆ 9702 ಅಲ್ಲ. ಕಲಾವಿದನ ಕೈ ಇಲ್ಲ.

ರಾಜಿ ಅತ್ತೆ: ಪಾಲಾಗುವಾಗ ಅಣ್ಣ ಏನಂದ ಗೊತ್ತಾ ಮಕ್ಕಳೇ? ಅದೇನು ಬರೀ ಕ್ಯಾಲೆಂಡರ್ ಪಟ, ಲೆಕ್ಕಕ್ಕೆ ಬೇಡ ಅಂದ. ತಾಮ್ರದ ಹಂಡೆ ಎರಡನ್ನೂ ಲೆಕ್ಕಕ್ಕೆ ಹಿಡಿದು ನನ್ನ ಪಾಲಿಗೆ ಹಾಕಿದ. ಪಟ ಮಾತ್ರ ಸುಮ್ಮನೆ ಅವನ ಮನೆಗೆ ಹೋಯಿತು.

ಚಿಕ್ಕಪ್ಪ ಪುಣೆ: ಅದು ನಿಜ. ನಾನು ಅಲ್ಲೇ ಇದ್ದೆ.

ದೊಡ್ಡಪ್ಪ: ಅಮ್ಮ ದಿನಾ ಅದಕ್ಕೇ ದೀಪ ಹಚ್ಚುತ್ತಿದ್ದಳು. ಅವಳು ಇದ್ದದ್ದು ನಮ್ಮ ಮನೆಯಲ್ಲಿ.

ರಾಜಿ ಅತ್ತೆ: ಅದನ್ನು ನಾನು ಇಲ್ಲ ಅನ್ನಲಿಲ್ಲ. ಒಂದೇ ಒಂದು ಪ್ರಶ್ನೆ. ಅಜ್ಜಿ ಮದುವೆಯಾಗಿ ಬರುವಾಗ ತಂದದ್ದು ಅದು, 1919. ನಿನ್ನ ಪುಸ್ತಕದಲ್ಲಿ ನೂರು ವರ್ಷ ಮೀರಿದ ವಸ್ತುವಿಗೆ ಏನಾದರೂ ನಂಬರ್ ಇದೆಯಾ ಅಣ್ಣಾ?

ಅಣ್ಣ: ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ... ನಿಲ್ಲಿಸಿದರು... ಮತ್ತೆ ಟೈಪ್ ಮಾಡುತ್ತಿದ್ದಾರೆ...

ದೊಡ್ಡಪ್ಪ: 9706. ಅದರ ವಿಷಯ ಈ ಗುಂಪಿನಲ್ಲಿ ಬೇಡ.