ಹಳೇ ಭಜನೆ ಕ್ಯಾಸೆಟ್: ರೀಮಿಕ್ಸ್ ಆಗುತ್ತಾ, ರೀಮಾಸ್ಟರ್ ಅಷ್ಟೇನಾ?

ಮೂಡಿಗೆರೆ ಕಡೆಯವ
ನಮ್ಮೂರ ಭಜನಾ ಮಂಡಳಿಯ 1991ರ ಸಿ-90 ಕ್ಯಾಸೆಟ್‌ಗಳಿವೆ. ಮೈಕ್ ಸೆಟ್‌ನವರ ಮಿಕ್ಸರ್‌ನಿಂದ ನೇರ ರೆಕಾರ್ಡ್ ಆಗಿದ್ದು. ಮಳೆಗಾಲದ ಥಂಡಿಗೆ ಟೇಪಿನ ಅಂಚಲ್ಲಿ ಬಿಳಿ ಬೂಸ್ಟು ಬಂದಿದೆ. ಒಂದನ್ನು ಹಾಕಿ ಕೇಳಿದರೆ ತಾಳದ ಸದ್ದೇ ಮೇಲೆ, ಹಾಡು ಹಿಂದೆ. ರೀಮಿಕ್ಸ್ ಮಾಡಿ ದನಿ ಮುಂದೆ ತರಬಹುದಾ?

ಹಾಸನ ಟೇಪ್‌ಡೆಕ್
ಮೊದಲು ಕ್ಯಾಸೆಟ್ ಹಾಕೋದು ನಿಲ್ಸಿ ಸರ್. ಬೂಸ್ಟು ಹೆಡ್‌ಗೆ (ಟೇಪ್ ಓದೋ ಭಾಗ) ಮೆತ್ತಿಕೊಂಡು ಮುಂದಿನ ಕ್ಯಾಸೆಟ್‌ಗೂ ಹತ್ತುತ್ತೆ.

ರೀಮಿಕ್ಸ್‌ಗೆ ದನಿ, ಹಾರ್ಮೋನಿಯಂ, ತಬಲ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಇರಬೇಕು. ನಿಮ್ಮಲ್ಲಿರೋದು ಎಲ್ಲಾ ಕಲಸಿ ಮುಗಿದ ಸರಕು, ಹಾಗಾಗಿ ಅದು ರೀಮಾಸ್ಟರ್ ಕೆಲಸ, ಅಂದ್ರೆ ಕಲಸಿದ್ದನ್ನೇ ಒಟ್ಟಾಗಿ ತಿದ್ದೋದು. ಅದರಲ್ಲೂ ಮುಕ್ಕಾಲು ಪಾಲು ಟೇಪನ್ನು ಸರಿಯಾಗಿ ಓಡಿಸೋದರಲ್ಲೇ ಇದೆ.

ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬದಲ್ಲಿ ಕೆಲವು ದಿನ ಇಡಿ. ಬೂಸ್ಟು ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು, ಮನೆ ಹೊರಗೆ, ನೂಲು ಬಿಡದ ಒಣ ಬಟ್ಟೆಯಲ್ಲಿ ಒರೆಸುತ್ತಾ ನಿಧಾನ ಸುತ್ತಿ. ಸ್ಕ್ರೂ ಇರುವ ಹೊಸ ಚಿಪ್ಪಿಗೆ ಬದಲಾಯಿಸಿ. ಹಳೇದರ ಪ್ರೆಷರ್ ಪ್ಯಾಡ್ (ಟೇಪನ್ನು ಹೆಡ್‌ಗೆ ಒತ್ತೋ ಮೆತ್ತೆ) ಉದುರಿದ್ದರೆ ಸದ್ದು ಬಂದು ಬಂದು ಹೋಗುತ್ತೆ. ಹೆಡ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್, ಟೇಪಿಗಲ್ಲ.

ಆಮೇಲೆ ಅಜಿಮತ್, ಅಂದ್ರೆ ಟೇಪಿಗೆ ಹೆಡ್ ನಿಂತಿರೋ ಕೋನ. ಮೊನೊದಲ್ಲಿ ಕೇಳುತ್ತಾ, ತಾಳದ ಮೊನಚು ಗರಿಷ್ಠ ಆಗೋವರೆಗೆ ಹೆಡ್ ಪಕ್ಕದ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿ. ಪ್ರತಿ ಕ್ಯಾಸೆಟ್‌ಗೆ, ಪ್ರತಿ ಸೈಡ್‌ಗೆ ಬೇರೆ. ಇದು ತಪ್ಪಿದ್ರೆ ಹೋದ ಹೈ ಫ್ರೀಕ್ವೆನ್ಸಿ ಯಾವ ಈಕ್ವಲೈಜರ್‌ನಿಂದಲೂ ವಾಪಸ್ ಬರಲ್ಲ. ಡಾಲ್ಬಿ (ಟೇಪಿನ ಸುಯ್ ಸದ್ದು ತಗ್ಗಿಸೋ ವ್ಯವಸ್ಥೆ) ಹಾಕಿ ರೆಕಾರ್ಡ್ ಮಾಡಿರದಿದ್ದರೆ ಡಾಲ್ಬಿ ಆಫ್. ಕಂಪ್ಯೂಟರ್‌ಗೆ ರೆಕಾರ್ಡ್ ಮಾಡೋದು 24 ಬಿಟ್, 96 ಕಿಲೋಹರ್ಟ್ಸ್, ಪೀಕ್ (ಅತಿ ಜೋರಿನ ಸದ್ದು) -6 ಡೆಸಿಬೆಲ್ ದಾಟದ ಹಾಗೆ.

ಕಾಫಿತೋಟ
ಬಿಸಿ ಮಾಡಿದ್ರೆ ಬೇಗ ಒಣಗಲ್ವಾ? ಟೇಪ್ ಬೇಕ್ ಮಾಡ್ತಾರಂತಲ್ಲ.

ಹಾಸನ ಟೇಪ್‌ಡೆಕ್
ಬೇಡ ಮಾರಾಯ್ರೆ. ಅದು ಬೈಂಡರ್ (ಟೇಪಿನ ಕಾಂತಪುಡಿ ಹಿಡಿದಿಡೋ ಅಂಟು) ನೀರು ಹೀರಿ ಅಂಟಂಟಾದ ಕೆಲವು ಸ್ಪೂಲ್ ಟೇಪ್‌ಗಳಿಗೆ. ಸಿ-90 ಟೇಪು ಸುಮಾರು 12 ಮೈಕ್ರಾನ್, ಬಿಸಿಗೆ ಸೊಟ್ಟಗಾದ್ರೆ ಮುಗೀತು.

ರೆಕಾರ್ಡಿಂಗ್ ಮಂಜ
ಮುಂದಿನದು ನಾನು ಹೇಳ್ತೀನಿ. ಮೊದಲು ವೇಗ. 50 ಹರ್ಟ್ಸ್ ಹಮ್ (ಕರೆಂಟಿನಿಂದ ಬರೋ ಗುಂಯ್ ಸದ್ದು) ನೋಡಿ ವೇಗ ಸರಿ ಮಾಡೋರಿದ್ದಾರೆ, ನಂಬಬೇಡಿ; ಆಗಿನ ಕರೆಂಟಿನ ಫ್ರೀಕ್ವೆನ್ಸಿಯೇ ಏರಿಳಿಯುತ್ತಿತ್ತು. ಮಂಡಳಿಯ ಅದೇ ಹಾರ್ಮೋನಿಯಂ ಇನ್ನೂ ಇದ್ದರೆ ಅದರ ಶ್ರುತಿಗೆ ಹೊಂದಿಸಿ. ನಂತರ ಆ ಹಮ್ ತೆಗೆಯೋಕೆ 50, 100, 150 ಹರ್ಟ್ಸ್‌ನಲ್ಲಿ ಕಿರಿದಾದ ನಾಚ್ (ಅಷ್ಟೇ ಫ್ರೀಕ್ವೆನ್ಸಿ ಕಡಿಯೋ ಫಿಲ್ಟರ್). ಹಿಸ್ (ಟೇಪಿನ ಸುಯ್ ಸದ್ದು) 6-8 ಡೆಸಿಬೆಲ್ ಇಳಿಸಿದರೆ ಸಾಕು, ಜಾಸ್ತಿ ಆದ್ರೆ ದನಿ ನೀರೊಳಗಿಂದ ಬಂದಂಗೆ ಆಗುತ್ತೆ.

ತಾಳಕ್ಕೆ 5-8 ಕಿಲೋಹರ್ಟ್ಸ್ ನಡುವೆ ಡೈನಾಮಿಕ್ ಈಕ್ಯೂ (ಸದ್ದು ಏರಿದಾಗಷ್ಟೇ ಕೆಲಸ ಮಾಡೋ ಈಕ್ವಲೈಜರ್). ತಟ್ಟಿದಾಗ ಮಾತ್ರ ತಗ್ಗಬೇಕು. ಸಾದಾ ಈಕ್ಯೂನಲ್ಲಿ ಕಡಿದ್ರೆ ‘ಸ’, ‘ಶ’ ಎಲ್ಲಾ ಮಂಕು.

ಪೂರ್ತಿ ರೀಮಿಕ್ಸ್ ಅಲ್ಲದಿದ್ರೂ ಅದರ ಹತ್ತಿರಕ್ಕೆ ಒಂದು ದಾರಿ ಇದೆ. ಡೆಮಕ್ಸ್ ತಂತ್ರಾಂಶ ದನಿ, ಡ್ರಮ್ಸ್, ಬೇಸ್, ಉಳಿದದ್ದು ಅಂತ ಒಡೆಯುತ್ತೆ. ಕಲಿತಿರೋದು ಡ್ರಮ್ಸ್-ಗಿಟಾರಿನ ಹಾಡುಗಳಿಂದ, ಹಾಗಾಗಿ ಹಾರ್ಮೋನಿಯಂ ದನಿಗೆ ಅಂಟಿಕೊಂಡು ಬರೋದುಂಟು. ಅದಕ್ಕೆ ಒಡೆದ ತುಂಡುಗಳಿಂದಲೇ ಹಾಡು ಕಟ್ಟಬೇಡಿ. ಮೂಲವನ್ನು ಹಾಗೇ ಇಟ್ಟು, ದನಿಯ ತುಂಡನ್ನು ಅದರ ಕೆಳಗೆ ಒಂದು ಸ್ಯಾಂಪಲ್ಲೂ ಸರಿಯದಂತೆ ಸೇರಿಸಿ, ದನಿ 2-3 ಡೆಸಿಬೆಲ್ ಏರುವಷ್ಟು ಮಾತ್ರ.

ಮೂಡಿಗೆರೆ ಕಡೆಯವ
ಯೂಟ್ಯೂಬ್‌ಗೆ ಹಾಕೋದಿದೆ. ಸದ್ದು ಎಷ್ಟಿರಬೇಕು?

ರೆಕಾರ್ಡಿಂಗ್ ಮಂಜ
-16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳೋ ಒಟ್ಟು ಜೋರಿನ ಅಳತೆ) ಆಸುಪಾಸು, ಟ್ರೂ ಪೀಕ್ (ಅಲೆಯ ನಿಜವಾದ ತುದಿ) -1 ಡೆಸಿಬೆಲ್. ಯೂಟ್ಯೂಬ್ -14ಕ್ಕಿಂತ ಜೋರಿದ್ದದ್ದನ್ನ ತಾನೇ ತಗ್ಗಿಸುತ್ತೆ, ಲಿಮಿಟರ್‌ನಲ್ಲಿ (ಏರು ಸದ್ದು ತಡೆಯೋ ಸಾಧನ) ಹಿಂಡಿದ್ರೆ ತಬಲದ ಏಟು ಹೋಗೋದಷ್ಟೇ ಲಾಭ. ತೊಳೆಯದ ಮೂಲ ಫೈಲು ಮಾತ್ರ ಅಳಿಸಬೇಡಿ, ಎರಡು ಕಡೆ ಇಡಿ.